ದುಬೈ ಮಗನ ವಾಟ್ಸಾಪ್ ಕಾಲ್ ಹತ್ತವಲ್ದು ಅಂದ್ರ ಮೊದ್ಲು ಏನು ನೋಡ್ಬೇಕು

ಗಂಗಾವತಿಯಾಗ ನಮ್ದೊಂದು ಸಣ್ಣ ಮೊಬೈಲ್ ಅಂಗಡಿ ಐತಿ, ರೀಚಾರ್ಜು, ಗ್ಲಾಸು, ಚಾರ್ಜರ್, ಸಿಮ್ ಪೋರ್ಟು, ಹಿಂಗ. ವಾರಕ್ಕ ಏನಿಲ್ಲಂದ್ರೂ ನಾಕೈದು ಮಂದಿ ಒಂದ ಮಾತು ಹಿಡ್ಕೊಂಡು ಬರ್ತಾರ, "ತಮ್ಮಾ, ಮಗ ದುಬೈದಾಗ ಅದಾನ, ಮೆಸೇಜ್ ಬರ್ತಾವ, ಫೋಟೋ ಬರ್ತಾವ, ಕಾಲ್ ಮಾತ್ರ ಹತ್ತವಲ್ದು, ಈ ಫೋನ್ ಕೆಟ್ಟೈತೇನು ನೋಡಪಾ". ಕಾರಟಗಿ ಕಡೆಯಿಂದ ಬಂದ ಒಬ್ಬ ಅಮ್ಮ ಅಂತೂ ಇದ ಕಾರಣಕ್ಕ ಎಲ್ಲೋ ಒಂದು ಅಂಗಡಿಯಾಗ ಹನ್ನೊಂದು ಸಾವಿರ ಕೊಟ್ಟು ಹೊಸ ಫೋನ್ ತಗೊಂಡಿದ್ರು, ಅದ್ರಾಗೂ ಹತ್ತಲಿಲ್ಲ. ಹಳೇ ಫೋನಿಗೆ ಏನೂ ಆಗಿರ್ಲಿಲ್ಲ ಅಂತ ಹೇಳೂಕ ನನಗ ಬಾಯಿ ಬರ್ಲಿಲ್ಲ. ಅವತ್ತ ಅನ್ಕೊಂಡೆ ಇದನ್ನ ಒಂದ್ಸಲ ಬರದ್ ಇಡೋಣ ಅಂತ, ಪ್ರತಿಯೊಬ್ಬರಿಗೂ ಕೌಂಟರ್ ಮ್ಯಾಲ ನಿಂತು ಹೇಳೂಕ ಆಗಂಗಿಲ್ಲ, ಸಂಜಿಗೆ ಗಿರಾಕಿ ಗದ್ಲ ಬ್ಯಾರೆ.

ಒಂದು ಮಾತು ಮೊದ್ಲ ಹೇಳಿಬಿಡ್ತೀನಿ. ನಾವ್ ಕಾಲುವೆ ಮಂದಿ, ನಮಗ ಇದು ಲಗೂನ ತಿಳೀತೈತಿ. ಮಾನ್ವಿ ಕಡೆ ಟೇಲೆಂಡ್ ರೈತನ ಹೊಲಕ್ಕ ನೀರು ಬರ್ಲಿಲ್ಲಂದ್ರ ಅವ ಮೊದ್ಲ ಹೋಗಿ ಹೊಲ ಬದಲಾಯಿಸಂಗಿಲ್ಲ, ಕಾಲುವೆ ಗುಂಟ ನಡಕೊಂತ ಹೋಗಿ ನೋಡ್ತಾನ, ತನ್ನ ಹೊಲಗಾಲುವ್ಯಾಗ ಹೂಳು ತುಂಬೈತೋ, ಮ್ಯಾಲಿನವ್ರು ಯಾರಾದ್ರೂ ಪೈಪ್ ಹಾಕ್ಯಾರೋ, ಗೇಟ್ ಇಳಿಸ್ಯಾರೋ, ಇಲ್ಲಾ ಡ್ಯಾಮಿನಾಗ ನೀರ ಇಲ್ಲೋ. ಇಂಟರ್ನೆಟ್ ಕಾಲ್ ಹತ್ತಲಿಲ್ಲಂದ್ರೂ ಅಷ್ಟ. ನಿಮ್ಮ ಫೋನು, ನಿಮ್ಮ ಸಿಮ್ಮಿನ ನೆಟ್‌ವರ್ಕು, ನಡುವಿನ ವೈಫೈ, ಆ ಕಡೆ ದೇಶದ ಕಾನೂನು, ಇವು ನಾಲ್ಕರಾಗ ಗೇಟ್ ಎಲ್ಲಿ ಇಳದೈತಿ ಅಂತ ಗೊತ್ತಾಗೋತನಕ ಒಂದು ರೂಪಾಯಿನೂ ಖರ್ಚು ಮಾಡಬ್ಯಾಡ್ರಿ, ಕಂಡ ಕಂಡ ಆಪು ಹಾಕಬ್ಯಾಡ್ರಿ.

ಮೆಸೇಜ್ ಹೋಗ್ತೈತಿ ಕಾಲ್ ಯಾಕ ಹೋಗಂಗಿಲ್ಲ ಅಂತ ಎಲ್ಲಾರೂ ಕೇಳ್ತಾರ. ಎರಡೂ ಒಂದ ಆಪು, ಒಂದ ನೆಟ್ಟು, ಖರೆ. ಆದ್ರ ಮೆಸೇಜ್ ಅನ್ನೋದು ಕೊಡಪಾನದಾಗ ನೀರು ತಂದಂಗ, ಒಂದು ನಿಮಿಷ ತಡ ಆದ್ರೂ ಬಂದು ಮುಟ್ತೈತಿ, ನಡುವ ಚೆಲ್ಲಿದ್ರ ಇನ್ನೊಂದ್ಸಲ ತುಂಬಿಕೊಂಡು ಬರ್ತಾರ. ಧ್ವನಿ ಹಂಗಲ್ಲ, ಕಾಲುವೆ ನೀರು ಹರಿದಂಗ ಹರೀತಾನ ಇರಬೇಕು, ಹೋದ ಮಾತು ಎರಡು ಸೆಕೆಂಡ್ ಬಿಟ್ಟು ಬಂದ್ರ ಅದನ್ನ ತಗೊಂಡು ಏನು ಮಾಡೂದು. ಹಂಗಾಗಿ ಧ್ವನಿನ ಯುಡಿಪಿ ಅನ್ನೋ ಬ್ಯಾರೆ ದಾರಿಯಾಗ ಸಣ್ಣ ಸಣ್ಣ ಪ್ಯಾಕೆಟ್ ಮಾಡಿ ಬಿಡ್ತಾರ, ಸಾಧ್ಯ ಇದ್ರ ನಡುವಿನ ಸರ್ವರ್ (ವಾಟ್ಸಾಪ್ ಕಂಪನಿಯ ಕಂಪ್ಯೂಟರ್) ಬಿಟ್ಟು ನೇರ ಒಂದು ಫೋನಿಂದ ಇನ್ನೊಂದು ಫೋನಿಗೆ. ಇಂಟರ್ನೆಟ್ ಕಾಲು ಬ್ಯಾಡ ಅಂತ ಬ್ಲಾಕ್ ಮಾಡೋ ದೇಶದವ್ರು, ಕಂಪನಿಯವ್ರು ಈ ದಾರಿ ಒಂದನ್ನ ಮುಚ್ಚತಾರ. ವಾಟ್ಸಾಪ್ ಮಾತು ಎನ್‌ಕ್ರಿಪ್ಟ್ ಆಗಿರ್ತೈತಿ, ನೀವೇನು ಮಾತಾಡ್ತೀರಿ ಅಂತ ಅವ್ರಿಗೆ ಕೇಳ್ಸಂಗಿಲ್ಲ, ಆದ್ರ ಒಂದ ಲಯದಾಗ ಬರೋ ಸಣ್ಣ ಪ್ಯಾಕೆಟ್ ಸಾಲು ನೋಡಿದ್ರ ಸಾಕು, ಓ ಇದು ಫೋನ್ ಕಾಲು ಅಂತ ಮಷೀನಿಗೆ ಗೊತ್ತಾಗ್ಬಿಡ್ತೈತಿ. ಲಾರಿ ಒಳಗ ಏನೈತಿ ಕಾಣಂಗಿಲ್ಲ, ಅದರ ಸಪ್ಪಳ ಕೇಳಿ ಅದಿರಿನ ಲಾರಿ ಅಂತ ಸಂಡೂರಿನವ್ರು ಹೇಳಂಗಿಲ್ಲೇನು, ಹಂಗ.

ಇದರಿಂದ ಒಂದು ಗುರುತು ಸಿಗ್ತೈತಿ ನೋಡ್ರಿ. ರಿಂಗ್ ಆಗೂದು ಮೆಸೇಜಿನ ದಾರಿಯಾಗ ಬರ್ತೈತಿ, ಅದಕ್ಕ ಬ್ಲಾಕ್ ಇದ್ದ ಕಡೆನೂ ಎಷ್ಟೋ ಸಲ ಫೋನ್ ಹೊಡ್ಕೊತೈತಿ, ಮಗ ಎತ್ತತಾನ, ಎತ್ತಿದ ಮ್ಯಾಲ "ಕನೆಕ್ಟಿಂಗ್" ಅಂತ ತಿರುಗಿ ತಿರುಗಿ ಕಟ್ ಆಗ್ತೈತಿ. ರಿಂಗ್ ಆಗಿ, ಎತ್ತಿ, ಮಾತು ಬರ್ಲಿಲ್ಲ, ಪ್ರತಿ ಸಲ ಅದ ಕತಿ ಅಂದ್ರ ಬ್ಲಾಕ್ ಇರಬಹುದು. ರಿಂಗ ಆಗ್ಲಿಲ್ಲಂದ್ರ ಫೋನಿನ ಸೆಟ್ಟಿಂಗ್ ಕಡೆ ನೋಡ್ರಿ. ಮಾತು ಬಂದು ನಡುನಡುವ ಹರದು ಹರದು ಹೋಗ್ತೈತಿ ಅಂದ್ರ ಅದು ಸಿಗ್ನಲ್ ಬಡತನ, ಬ್ಲಾಕ್ ಅಲ್ಲ. ಬ್ಲಾಕ್ ಅನ್ನೋದು ಸಾಮಾನ್ಯವಾಗಿ ಇವತ್ತೊಂದು ನಾಳೆ ಒಂದು ಮಾಡಂಗಿಲ್ಲ, ಭಾಳ ನೇಮಿಷ್ಟು ಅದು.

ಈಗ ಪರೀಕ್ಷೆ. ನಿಯಮ ಒಂದ: ಒಂದ್ಸಲಕ್ಕ ಒಂದ ಬದಲಾಯಿಸ್ರಿ. ನಮ್ಮ ಮಂದಿ ಏನು ಮಾಡ್ತಾರ, ಸಿಮ್ಮೂ ಬದಲಾಯಿಸಿ, ಆಪೂ ತಗದು ಹಾಕಿ, ಫೋನ್ ರೀಸೆಟ್ಟೂ ಮಾಡಿ ಆಮ್ಯಾಲ ಹತ್ತಿದ್ರ ಯಾವುದ್ರಿಂದ ಹತ್ತಿತು ಅಂತ ದೇವ್ರಿಗೂ ಗೊತ್ತಾಗಂಗಿಲ್ಲ, ರೀಸೆಟ್ ಮಾಡಿದ್ದಕ್ಕ ಮಮ್ಮಕ್ಕಳ ಫೋಟೋ ಹೋಗಿರ್ತಾವ ಅದು ಬ್ಯಾರೆ.

ಮೊದ್ಲು ಆ ಕಡೆಯವ್ರನ್ನ ಬದಲಾಯಿಸ್ರಿ. ನಿಮ್ಮ ಫೋನಿಂದ ನಿಮ್ಮ ಊರಾಗ ಇರೋ ಇನ್ನೊಬ್ಬರಿಗೆ, ತಂಗಿಗೋ ಅಳಿಯಗೋ, ಅವರೂ ಮೊಬೈಲ್ ಡೇಟಾದಾಗ ಇರ್ಲಿ, ವಾಟ್ಸಾಪ್ ಕಾಲ್ ಮಾಡ್ರಿ. ನೆಟ್ಟಗ ಹತ್ತಿತು ಅಂದ್ರ ನಿಮ್ಮ ಫೋನು, ನಿಮ್ಮ ಸಿಮ್ಮು, ಇಲ್ಲಿ ನೆಟ್‌ವರ್ಕು ಮೂರೂ ಪಾಸ್. ಇಷ್ಟ ಒಂದು ಪರೀಕ್ಷೆ ಮಾಡಿದ್ರ ಆ ಕಾರಟಗಿ ಅಮ್ಮನ ಹನ್ನೊಂದು ಸಾವಿರ ಉಳೀತಿತ್ತು. ಇದಕ್ಕಿಂತ ಮುಂದಕ ಹೋಗೋ ಜರೂರೇ ಇರಂಗಿಲ್ಲ ಹತ್ತರಾಗ ಏಳೆಂಟು ಮಂದಿಗೆ, ಸೀದಾ ಕೆಳಗ ದುಬೈ ಭಾಗಕ್ಕ ಹೋಗ್ರಿ.

ಊರೊಳಗಿನ ಕಾಲೂ ಹತ್ತಲಿಲ್ಲಂದ್ರ ಮಾತ್ರ ಮುಂದಿನ ಹೆಜ್ಜಿ, ನೆಟ್ ಬದಲಾಯಿಸೂದು. ಪಕ್ಕದವ್ರ ಕಡೆ ಬ್ಯಾರೆ ಕಂಪನಿ ಸಿಮ್ ಇರೋ ಫೋನಿಂದ ಹಾಟ್‌ಸ್ಪಾಟ್ ಇಸ್ಕೊಳ್ರಿ, ನಿಮ್ಮ ಡೇಟಾ ಆಫ್ ಮಾಡ್ರಿ, ಅದ ಫೋನಿಂದ ಅದ ಮನುಷ್ಯಾಗ ಮತ್ತ ಕಾಲ್ ಮಾಡ್ರಿ. ಈಗ ಹತ್ತಿತು ಅಂದ್ರ ಫೋನ್ ಸರಿ ಐತಿ, ಸಿಮ್ಮಿನ ಕಡೆ ಏನೋ ಐತಿ. ಈಗ್ಲೂ ಇಲ್ಲಂದ್ರ ಆಪ್ ಬದಲಾಯಿಸ್ರಿ, ಸಿಗ್ನಲ್ ಅನ್ನೋ ಆಪೋ ಟೆಲಿಗ್ರಾಮೋ ಗೂಗಲ್ ಮೀಟೋ ಯಾವುದಾದ್ರೂ ಒಂದು. ಎಲ್ಲಾ ಆಪಿನಾಗೂ ಮಾತು ಬರವಲ್ದು, ಎಲ್ಲಾ ನೆಟ್ಟಿನಾಗೂ ಬರವಲ್ದು ಅಂದ್ರ ಕೆಟ್ಟಿರೂದು ನಿಮ್ಮ ಫೋನ.

ಫೋನಿನಾಗ ಏನೇನು ಕೆಡ್ತೈತಿ ಅಂತ ಬೇಗ ಬೇಗ ಹೇಳ್ತೀನಿ, ಇದು ಬ್ಯಾಸರದ ಭಾಗ. ಆಪಿಗೆ ಮೈಕ್ ಪರ್ಮಿಷನ್ ಕೊಟ್ಟಿರಂಗಿಲ್ಲ, ನೀವ್ ಮಾತಾಡಿದ್ದು ಆ ಕಡೆ ಹೋಗಂಗಿಲ್ಲ. ಡೇಟಾ ಸೇವರ್, ಬ್ಯಾಟರಿ ಸೇವರ್ ಆನ್ ಇರ್ತಾವ, ಸ್ಕ್ರೀನ್ ಆಫ್ ಆದ ಕೂಡ್ಲೇ ಆಪ್ ಮಲಗಿಬಿಡ್ತೈತಿ, ರಿಂಗ್ ಬರಂಗಿಲ್ಲ, ಸೆಟ್ಟಿಂಗ್ಸಿನಾಗ ಆಪ್ಸ್, ವಾಟ್ಸಾಪ್, ಬ್ಯಾಟರಿ ಅಂತ ಹೋಗಿ ಅನ್‌ರಿಸ್ಟ್ರಿಕ್ಟೆಡ್ ಮಾಡ್ರಿ. ಯಾರೋ ಜಾಹೀರಾತು ಬರಬಾರ್ದು ಅಂತ ಪ್ರೈವೇಟ್ ಡಿಎನ್‌ಎಸ್ ಹಾಕಿರ್ತಾರ, ಇಲ್ಲಾ ಹಳೇ ಪುಕ್ಸಟ್ಟೆ ವಿಪಿಎನ್ (ನಿಮ್ಮ ನೆಟ್ಟನ್ನ ಬ್ಯಾರೆ ಕಡೆಯ ಸರ್ವರ್ ಮ್ಯಾಲ ಮುಚ್ಚಿ ಹಾಯಿಸೋ ಆಪ್) ಒಂದು ಹಿಂದ ಓಡ್ತಿರ್ತೈತಿ, ಎರಡೂ ತಗೀರಿ. ಆಪ್ ಅಪ್ಡೇಟ್ ಮಾಡ್ರಿ. ಇಷ್ಟಾದ್ರೂ ಬಗೆಹರೀಲಿಲ್ಲಂದ್ರ ರಿಪೇರಿಯವ್ರ ಕಡೆ ಹೋಗ್ರಿ.

ಸಿಮ್ಮಿನ ಕಡೆ ಐತಿ ಅಂತ ಗೊತ್ತಾದ್ರೂ ತಟ್ಟನ "ಕಂಪನಿಯವ್ರು ಬ್ಲಾಕ್ ಮಾಡ್ಯಾರ" ಅಂತ ಜಗಳಕ್ಕ ನಿಲ್ಲಬ್ಯಾಡ್ರಿ. ನಮ್ಮ ಕಡೆ ಭಾಳ ಸಲ ಆಗೂದು ಏನಂದ್ರ ದಿನದ ಡೇಟಾ ಮುಗದಿರ್ತೈತಿ. ಒಂದೂವರೆ ಜಿಬಿ ಮುಗದ ಮ್ಯಾಲ ಸ್ಪೀಡು 64 ಕೆಬಿಪಿಎಸ್‌ಗೆ ಇಳೀತೈತಿ, ನೆಟ್ ಇದ್ದಂಗ ಕಾಣ್ತೈತಿ, ಮೆಸೇಜೂ ಹೋಗ್ತೈತಿ, ಕಾಲ್ ಮಾತ್ರ ಗೊರ್ ಅಂತ ಕಟ್ ಆಗ್ತೈತಿ. ಮಧ್ಯಾಹ್ನ ಮೊಮ್ಮಗ ಕುಂತು ರೀಲ್ಸ್ ನೋಡಿರ್ತಾನ, ರಾತ್ರಿ ಅಜ್ಜಿ ಮಗನ ಮಾತಿಗೆ ಕುಂತಾಗ ಬುಟ್ಟಿ ಖಾಲಿ. ಅದಕ್ಕ ಬೆಳಿಗ್ಗೆ ಎದ್ದು ಕಾಲ್ ಮಾಡಿ ನೋಡ್ರಿ. ಬರೇ ಮಾತಿನ ಕಾಲಿಗೆ ನಿಮಿಷಕ್ಕ ಒಂದು ಎಂಬಿನೂ ಹತ್ತಂಗಿಲ್ಲ, ವಿಡಿಯೋ ಅಂದ್ರ ಎಷ್ಟೋ ಪಟ್ಟು. ಸಿಗ್ನಲ್ ಕಡಿಮಿ ಇರೋ ಹಳ್ಳಿಯಾಗಿದ್ರ ವಾಟ್ಸಾಪ್ ಸೆಟ್ಟಿಂಗ್ಸಿನಾಗ ಸ್ಟೋರೇಜ್ ಅಂಡ್ ಡೇಟಾ ಅಂತ ಐತಿ, ಅಲ್ಲಿ ಕಾಲಿಗೆ ಕಡಿಮಿ ಡೇಟಾ ಬಳಸೋ ಗುಂಡಿ ಒಂದೈತಿ, ಆನ್ ಮಾಡ್ರಿ.

ಇನ್ನೊಂದು ಗುಂಡಿ ಭಾಳ ಮಂದಿಗೆ ಗೊತ್ತಿಲ್ಲ. ಪ್ರೈವಸಿ, ಅಡ್ವಾನ್ಸ್ಡ್ ಒಳಗ "ಪ್ರೊಟೆಕ್ಟ್ ಐಪಿ ಅಡ್ರೆಸ್ ಇನ್ ಕಾಲ್ಸ್" ಅಂತ 2023ರ ಕೊನಿಗೆ ಬಂತು. ಅದನ್ನ ಆನ್ ಮಾಡಿದ್ರ ಧ್ವನಿ ಫೋನಿಂದ ಫೋನಿಗೆ ನೇರ ಹೋಗಂಗಿಲ್ಲ, ವಾಟ್ಸಾಪಿನ ಸರ್ವರ್ ಮ್ಯಾಲ ಹಾಯ್ದು ಹೋಗ್ತೈತಿ. ಅದನ್ನ ಮಾಡಿರೂದು ಬ್ಲಾಕ್ ದಾಟೂಕಲ್ಲ, ನಿಮ್ಮ ಐಪಿ, ಅಂದ್ರ ನೆಟ್ಟಿನಾಗಿನ ನಿಮ್ಮ ವಿಳಾಸ, ಆ ಕಡೆಯವ್ರಿಗೆ ಕಾಣಬಾರ್ದು ಅಂತ. ಆದ್ರ ಕೆಲವು ರೂಟರಿನಾಗ, ಕೆಲವು ನೆಟ್‌ವರ್ಕಿನಾಗ ನೇರ ದಾರಿ ಸಿಗಲಾರ್ದ ಒದ್ದಾಡೋ ಕಾಲು ಇದರಿಂದ ಹತ್ತಬಹುದು, ಧ್ವನಿಯ ಗುಣಮಟ್ಟ ಸ್ವಲ್ಪ ಕಡಿಮಿ ಆಗಬಹುದು ಅಷ್ಟ. ಇದರ ಜೋಡಿ ಸಿಮ್ಮಿಗೆ ನೆಟ್ ಕೂಡಿಸೋ ಎಪಿಎನ್ ಸೆಟ್ಟಿಂಗ್ ಒಂದ್ಸಲ ಡೀಫಾಲ್ಟಿಗೆ ತರ್ರಿ, ಎಪಿಎನ್ ಪ್ರೋಟೋಕಾಲ್ ಅನ್ನೋ ಕಡೆ ಐಪಿವಿ4/ಐಪಿವಿ6 ಎರಡೂ ಇರೂದನ್ನ ಆರಿಸ್ರಿ, ಹಳೇ ಫೋನಿನಾಗ ಬರೇ ಒಂದ ಇರ್ತೈತಿ.

ವೈಫೈ ಕತಿ ಬ್ಯಾರೆ. ರಾಯಚೂರಿನಾಗ ಇಂಜಿನಿಯರಿಂಗ್ ಓದೋ ನಮ್ಮ ಅಕ್ಕನ ಮಗ ಹಾಸ್ಟೆಲ್ ವೈಫೈನಾಗ ಕಾಲ್ ಹತ್ತಂಗಿಲ್ಲ ಅಂತ ಒಂದು ಸೆಮಿಸ್ಟರ್ ಪೂರ್ತಿ ಸಿಮ್ ಕಂಪನಿಗೆ ಬೈಕೊಂತ ಇದ್ದ. ಹಾಸ್ಟೆಲ್‌ನವ್ರು ಫೈರ್‌ವಾಲ್‌ನಾಗ, ಅಂದ್ರ ನೆಟ್ಟಿನ ಕಾವಲು ಬಾಗ್ಲದಾಗ, ವೆಬ್‌ಸೈಟಿನ ದಾರಿ ಬಿಟ್ಟು ಉಳಿದ ಯುಡಿಪಿ ಎಲ್ಲಾ ಮುಚ್ಚಿದ್ರು. ಅದು ಅವ್ರ ಸ್ವಂತ ನೆಟ್ಟು, ಅವ್ರ ಮನಿ ಬಾಗ್ಲ ಇದ್ದಂಗ, ಟ್ರಾಯ್ (ಟೆಲಿಕಾಂ ಕಂಪನಿಗಳಿಗೆ ನಿಯಮ ಹಾಕೋ ಸರ್ಕಾರಿ ಸಂಸ್ಥೆ) ಅಲ್ಲಿಗೆ ಬರಂಗಿಲ್ಲ. ವಾರ್ಡನ್ನರಿಗೆ ಅರ್ಜಿ ಕೊಡ್ರಿ, ಇಲ್ಲಂದ್ರ ಮೊಬೈಲ್ ಡೇಟಾ ಬಳಸ್ರಿ. ಇದ ಫೈರ್‌ವಾಲು ಸಿಮ್ಮಿನ "ವೈಫೈ ಕಾಲಿಂಗ್" ಅನ್ನೂ ಕೆಡಿಸಬಹುದು, ಅದಕ್ಕ ಯುಡಿಪಿ 500 ಮತ್ತ 4500 ಅನ್ನೋ ಎರಡು ಪೋರ್ಟ್, ಅಂದ್ರ ನೆಟ್ಟಿನ ಬಾಗ್ಲ, ತೆಗೆದಿರಬೇಕು. ಅಂದಂಗ ವೈಫೈ ಕಾಲಿಂಗ್ ಬ್ಯಾರೆ, ವಾಟ್ಸಾಪ್ ಕಾಲ್ ಬ್ಯಾರೆ, ಅದು ನಿಮ್ಮ ಸಿಮ್ ಕಂಪನಿನ ನಿಮ್ಮ ನಂಬರ್ ಮ್ಯಾಲನ ಕೊಡೋ ಸೇವೆ, ನಮ್ಮಲ್ಲಿ ಏರ್ಟೆಲ್ ಡಿಸೆಂಬರ್ 2019ರಾಗ, ಜಿಯೋ ಜನವರಿ 2020ರಾಗ ಶುರು ಮಾಡಿದ್ರು, ಮನಿ ಒಳಗ ಟವರ್ ಸಿಗದವ್ರಿಗೆ ಚಲೋ.

ದುಬೈ ಭಾಗ

ಈಗ ಅಸಲಿ ವಿಷಯ. ದುಬೈ, ಅಬುಧಾಬಿ, ಶಾರ್ಜಾ ಇವೆಲ್ಲಾ ಇರೋ ಯುಎಇಯಾಗ ಇಂಟರ್ನೆಟ್ ಕಾಲ್ ಸೇವೆ ಕೊಡ್ಬೇಕಂದ್ರ ಸರ್ಕಾರದ ಲೈಸೆನ್ಸ್ ಬೇಕು. ಅಲ್ಲಿ ಎರಡ ದೊಡ್ಡ ಕಂಪನಿ, ಎತಿಸಲಾತ್ ಮತ್ತ ಡು. ವಾಟ್ಸಾಪ್ ಮೆಸೇಜು, ವಾಯ್ಸ್ ನೋಟು, ಫೋಟೋ ನಡೀತಾವ, ವಾಟ್ಸಾಪ್ ಕಾಲು, ಐಫೋನಿನ ಫೇಸ್‌ಟೈಮ್ ಕಾಲು ನಡ್ಯಂಗಿಲ್ಲ. ಇದು ನಿಮ್ಮ ಮಗನ ಸಿಮ್ಮಿನ ತಪ್ಪಲ್ಲ, ಅವ ಫೋನ್ ಬದಲಾಯಿಸಿದ್ರೂ ಅಷ್ಟ, ರೂಮಿನ ವೈಫೈಗೆ ಹೋದ್ರೂ ಅಷ್ಟ, ಯಾಕಂದ್ರ ಆ ವೈಫೈನೂ ಅದ ಕಂಪನಿಗಳ್ದು. ಸೌದಿಯಾಗೂ ಮೊದ್ಲು ಹಿಂಗ ಇತ್ತು, ಸೆಪ್ಟೆಂಬರ್ 2017ರಾಗ ನಿಯಮ ಪಾಲಿಸೋ ಆಪುಗಳಿಗೆ ಬಾಗ್ಲಾ ತಗದ್ರು. ಅದಕ್ಕ ಮಗ ಗಲ್ಫ್‌ನಾಗ ಅದಾನ ಅಂತ ಹೇಳಿದ್ರ ಸಾಲಂಗಿಲ್ಲ, ಯಾವ ದೇಶ ಅಂತ ಹೇಳ್ರಿ.

ದಾರಿ ಏನು? ಅಲ್ಲಿ ಲೈಸೆನ್ಸ್ ಇರೋ ಆಪ್ ಅದಾವ, ನಮ್ಮ ಮಂದಿ ಭಾಳ ಬಳಸೂದು ಬೋಟಿಮ್. ಎರಡೂ ಕಡೆ ಅದ ಆಪ್ ಇರಬೇಕು, ಮಗನ ಫೋನಿನಾಗ ಇದ್ದು ನಿಮ್ಮ ಫೋನಿನಾಗ ಇಲ್ಲಂದ್ರ ಉಪಯೋಗಿಲ್ಲ. ಪ್ಲೇ ಸ್ಟೋರಿಂದ ಮಾತ್ರ ಹಾಕ್ರಿ, ನಿಮ್ಮ ನಂಬರ್ ಕೊಟ್ಟು ಒಟಿಪಿ ಹಾಕ್ರಿ, ಮೈಕ್, ಕ್ಯಾಮೆರಾ, ಕಾಂಟ್ಯಾಕ್ಟ್ಸ್ ಪರ್ಮಿಷನ್ ಕೊಡ್ರಿ, ಮತ್ತ ಮ್ಯಾಲ ಹೇಳಿದ ಬ್ಯಾಟರಿ ಸೆಟ್ಟಿಂಗ್ ಇದಕ್ಕೂ ಮಾಡ್ರಿ, ಇಲ್ಲಂದ್ರ ರಿಂಗ್ ಬರಂಗಿಲ್ಲ, ಅಮ್ಮ ಕಾಯ್ಕೊಂತ ಕುಂದರ್ತಾಳ, ಮಗ ಎತ್ತವಲ್ರು ಅಂತಾನ. ಮಗನ ನಂಬರ್ 971ರಿಂದ ಶುರು ಆಗೋ ಹಂಗ, ಮುಂದ ಪ್ಲಸ್ ಹಾಕಿ ಸೇವ್ ಮಾಡಿರ್ಬೇಕು, ಎಷ್ಟೋ ಮಂದಿ ಸೊನ್ನಿ ಹಾಕಿ ಸೇವ್ ಮಾಡಿರ್ತಾರ, ಆಪಿಗೆ ಹೆಸರ ಕಾಣಂಗಿಲ್ಲ. ಇಂಟರ್ನೆಟ್ ಕಾಲಿಂಗ್ ಪ್ಯಾಕ್ ಬೇಕೇನು ಬ್ಯಾಡೇನು ಅನ್ನೋದನ್ನ ಮಗ ತನ್ನ ಸಿಮ್ ಕಂಪನಿಯಾಗ ಕೇಳ್ಬೇಕು, ಇಲ್ಲಿ ನನಗ ಕೇಳಿದ್ರ ನಡ್ಯಂಗಿಲ್ಲ.

ಬೋಟಿಮ್ ಬ್ಯಾಡ, ಜಾಹೀರಾತು ಭಾಳ ಅನ್ನೋರಿಗೆ ಇನ್ನೊಂದು ದಾರಿ ಐತಿ. 2020ರ ಕೊರೋನಾದಾಗ ಸ್ಕೂಲು, ಆಫೀಸು ಮನಿಯಿಂದ ನಡೀಬೇಕಾತಲ್ಲ, ಆವಾಗ ಅಲ್ಲಿ ಮೀಟಿಂಗ್ ಆಪುಗಳಿಗೆ ಅವಕಾಶ ಕೊಟ್ರು, ಜೂಮು, ಮೈಕ್ರೋಸಾಫ್ಟ್ ಟೀಮ್ಸು, ಗೂಗಲ್ ಮೀಟು, ಹಿಂಗ. ಮಗ ಗೂಗಲ್ ಮೀಟಿನಾಗ ಒಂದು ಮೀಟಿಂಗ್ ಲಿಂಕ್ ಮಾಡಿ ವಾಟ್ಸಾಪಿಗೆ ಕಳಿಸ್ಲಿ, ಆ ಲಿಂಕ್ ಇರೋ ಮೆಸೇಜನ್ನ ಚಾಟಿನಾಗ ಪಿನ್ ಮಾಡಿ ಇಡ್ರಿ, ಹೊತ್ತಿಗೆ ಸರಿಯಾಗಿ ಇಬ್ಬರೂ ಅದನ್ನ ಒತ್ತಿದ್ರಾತು. ನಮ್ಮ ಓಣಿಯ ಒಬ್ಬ ಚಾಚಾ ಶುಕ್ರವಾರ ನಮಾಜ್ ಮುಗಿಸಿ ಬಂದು ಹಿಂಗ ಮಾಡ್ತಾರ, ಮೂರು ಮಕ್ಕಳು ಮೂರು ಊರಾಗ, ಒಂದ ಲಿಂಕಿಗೆ ಎಲ್ಲಾರೂ ಬರ್ತಾರ. ಪುಕ್ಸಟ್ಟೆ ಮೀಟಿನಾಗ ಇಬ್ಬರ ಇದ್ರ ಹೊತ್ತಿನ ಚಿಂತಿ ಇಲ್ಲ, ಮೂರು ಮಂದಿ ಆದ್ರ ಒಂದು ತಾಸಿಗೆ ಕಟ್ ಆಗ್ತೈತಿ, ಜೂಮಿನಾಗ 40 ನಿಮಿಷಕ್ಕ. ಕಟ್ ಆದ್ರ ಮತ್ತ ಒತ್ರಿ.

ಇನ್ನ ವಿಪಿಎನ್. ಇದನ್ನ ಗಟ್ಟಿಯಾಗಿ ಹೇಳ್ತೀನಿ, ಊರಾಗಿನ ಗೆಳೆಯರು "ಒಂದು ವಿಪಿಎನ್ ಹಾಕು ಮಾವಾ, ಎಲ್ಲಾ ಓಡ್ತೈತಿ" ಅಂತ ಮಗನಿಗೆ ಹೇಳ್ತಾರ, ಹೇಳೋರಿಗೆ ಏನೂ ಆಗಂಗಿಲ್ಲ, ಆಗೂದು ಅಲ್ಲಿರೋನಿಗೆ. ವಿಪಿಎನ್ ಇಟ್ಕೊಳ್ಳೂದ ಅಲ್ಲಿ ಅಪರಾಧ ಅಂತಲ್ಲ, ಆಫೀಸಿನವ್ರು ಕೆಲಸಕ್ಕ ಬಳಸ್ತಾರ. ಆದ್ರ ಅಪರಾಧ ಮಾಡೂಕ ಇಲ್ಲಾ ಮುಚ್ಚಿಡೂಕ ಬ್ಯಾರೆ ಐಪಿ ವಿಳಾಸ ಬಳಸಿದ್ರ 2021ರ ಸೈಬರ್ ಕಾನೂನಿನಾಗ ಜೈಲು ಐತಿ, 5 ಲಕ್ಷದಿಂದ 20 ಲಕ್ಷ ದಿರ್ಹಮ್ ತನಕ ದಂಡ ಐತಿ. ರೂಪಾಯಿಗೆ ಲೆಕ್ಕ ಹಾಕಿದ್ರ ಕೋಟಿ ದಾಟ್ತೈತಿ. ಅವ್ವನ ಜೋಡಿ ಮಾತಾಡಿದ್ದಕ್ಕ ಹಿಡೀತಾರೇನು ಅಂತ ನೀವ್ ಕೇಳಬಹುದು, ಆ ಮಾತು ವೀಸಾ ಮ್ಯಾಲ ಇರೋ ಹುಡುಗನ ಪಗಾರದ ಮ್ಯಾಲ ಪಣ ಕಟ್ಟೋ ಮಾತಲ್ಲ. ಇಲ್ಲಿ ಭಾರತದಾಗ ವಿಪಿಎನ್ ಬಳಸೂಕ ಸಾಮಾನ್ಯವಾಗಿ ಅಡ್ಡಿ ಇಲ್ಲ, ಆದ್ರ ಬ್ಲಾಕ್ ಇರೂದು ಆ ಕಡೆ ಇದ್ದಾಗ ನೀವ್ ಈ ಕಡೆ ಹಾಕಿದ್ರ ಏನು ಉಪಯೋಗ? ಗೇಟ್ ಇಳಿದಿರೂದು ಅಲ್ಲಿ, ಸಲಿಕಿ ತಗೊಂಡು ನಿಂತಿರೂದು ಇಲ್ಲಿ.

ಕಡಿಮಿ ರೇಟಿಗೆ ಕಾಲ್ ಅಂತ ಅಲ್ಲಿ ಲೇಬರ್ ಕ್ಯಾಂಪಿನ ಕಡೆ ಯಾರೋ ಕಾರ್ಡ್ ಮಾರಿದ್ರೂ ಹುಷಾರು. ಅಂಥ ಕಾಲು ಬಂದಾಗ ನಿಮ್ಮ ಫೋನಿನಾಗ 971 ಕಾಣಂಗಿಲ್ಲ, ಯಾವುದೋ ಗೊತ್ತಿಲ್ಲದ ನಮ್ಮ ದೇಶದ ಹತ್ತಂಕಿ ನಂಬರ್ ಕಾಣ್ತೈತಿ, ಎತ್ತಿದ್ರ ಮಗನ ದನಿ. ಅವ್ವಗ ಖುಷಿ, ಆದ್ರ ಅದು ಬಂದಿರೂದು ಎಲ್ಲೋ ಒಂದು ರೂಮಿನಾಗ ನೂರಾರು ಸಿಮ್ ಚುಚ್ಚಿ ಇಟ್ಟಿರೋ ಸಿಮ್ ಬಾಕ್ಸ್ ಮ್ಯಾಲ, ಅಂದ್ರ ಕಳ್ಳ ಎಕ್ಸ್‌ಚೇಂಜ್. ಅದು ಅಪರಾಧ. ನಾಳೆ ಅದ ದಾರಿಯಾಗ "ಬ್ಯಾಂಕಿನಿಂದ ಮಾತಾಡ್ತೀವಿ" ಅನ್ನೋರೂ ಬರ್ತಾರ. ವಿದೇಶದ ಕಾಲು ದೇಶಿ ನಂಬರಿನಾಗ ಬಂದ್ರ ಕೇಂದ್ರ ಸರ್ಕಾರದ ಸಂಚಾರ ಸಾಥಿ ಪೋರ್ಟಲ್‌ನಾಗ ತಿಳಿಸೂಕ ಬ್ಯಾರೆ ಜಾಗ ಇಟ್ಟಾರ. ನಿಮ್ಮ ಹೆಸರಿನಾಗ ಎಷ್ಟು ಸಿಮ್ ಅದಾವ ಅಂತನೂ ಅಲ್ಲೇ ನೋಡಬಹುದು, ಅದನ್ನ ಇವತ್ತ ನೋಡ್ರಿ, ಆ ಬಾಕ್ಸಿನಾಗ ಚುಚ್ಚಿರೋ ಸಿಮ್ ಯಾವ ಬಡವರ ಆಧಾರ್ ಮ್ಯಾಲ ತಗೊಂಡಿರ್ತಾರೋ ಏನೋ.

ಕಂಪನಿಗಳು ಯಾಕ ಹಿಂಗ ಮಾಡ್ತಾವ

ನಮ್ಮಪ್ಪ ಇದ ಅಂಗಡಿ ಜಾಗದಾಗ ಹಳದಿ ಬೋರ್ಡಿನ ಎಸ್‌ಟಿಡಿ ಐಎಸ್‌ಡಿ ಬೂತ್ ಇಟ್ಟಿದ್ರು. ಗಾಜಿನ ಡಬ್ಬಿ, ಮ್ಯಾಲ ಕೆಂಪು ಅಂಕಿಯ ಮೀಟರು, ಒಳಗ ನಿಂತೋರ ಕಣ್ಣು ಮೀಟರ್ ಮ್ಯಾಲ, ಮಾತು ಅರ್ಧ. ಆ ಮೀಟರ್ ಓಡಿದಷ್ಟು ಕಂಪನಿಗೆ ರೊಕ್ಕ. ನಮ್ಮ ದೇಶದಾಗ ವಿದೇಶ ಕಾಲು ಸರ್ಕಾರದ ಕಂಪನಿ ಆಗಿದ್ದ ವಿಎಸ್‌ಎನ್‌ಎಲ್ ಒಂದರ ಕೈಯಾಗ ಇತ್ತು, 1 ಏಪ್ರಿಲ್ 2002ಕ್ಕ ಅದು ಮುಗೀತು, ಅವತ್ತಿಂದನ ಇಂಟರ್ನೆಟ್ ಮ್ಯಾಲ ಮಾತಾಡೂದೂ ಕಾನೂನು ಪ್ರಕಾರ ಆತು. ಕಾಲು ಇಂಟರ್ನೆಟ್ ಮ್ಯಾಲ ಹೋದ್ರ ಮೀಟರ್ ಓಡಂಗಿಲ್ಲ, ಬ್ಲಾಕಿನ ಬೇರು ಇಷ್ಟ.

ಇದು ಅರಬ್ ದೇಶದ್ದಷ್ಟ ರೋಗ ಅಲ್ಲ. ಅಮೆರಿಕದಾಗ ಮ್ಯಾಡಿಸನ್ ರಿವರ್ ಅನ್ನೋ ಫೋನ್ ಕಂಪನಿ, ವೊನೇಜ್ ಅನ್ನೋ ಇಂಟರ್ನೆಟ್ ಕಾಲ್ ಕಂಪನಿಯ ಕಾಲು ಬ್ಲಾಕ್ ಮಾಡಿ 2005ರಾಗ 15 ಸಾವಿರ ಡಾಲರ್ ಕಟ್ಟಿತು, ಎಟಿ ಅಂಡ್ ಟಿ ತನ್ನ ಮೊಬೈಲ್ ನೆಟ್ ಮ್ಯಾಲ ಐಫೋನಿನಾಗ ಸ್ಕೈಪ್ ಕಾಲು ಬಿಟ್ಟಿರ್ಲಿಲ್ಲ, 2009ರ ಅಕ್ಟೋಬರಿನಾಗ ಬಿಟ್ಟಿತು. ನೆದರ್ಲ್ಯಾಂಡ್ಸಿನಾಗ ಕೆಪಿಎನ್ ಅನ್ನೋ ಫೋನ್ ಕಂಪನಿ 2011ರಾಗ ವಾಟ್ಸಾಪಿಗೂ ಇಂಟರ್ನೆಟ್ ಕಾಲಿಗೂ ಬ್ಯಾರೆ ರೊಕ್ಕ ಅಂದಿದ್ದಕ್ಕ ಮಂದಿ ಸಿಟ್ಟಾಗಿ, ಮರುವರ್ಷ ಹಂಗ ಮಾಡಬಾರ್ದು ಅಂತ ಅಲ್ಲಿ ಕಾನೂನ ಬಂತು. ಮೊರಾಕೋದಾಗ 2016ರ ಜನವರಿಯಿಂದ ನವೆಂಬರ್ ತನಕ ಇಂಟರ್ನೆಟ್ ಕಾಲು ಮುಚ್ಚಿಟ್ಟಿದ್ರು.

ನಮ್ಮಲ್ಲಿ ಡಿಸೆಂಬರ್ 2014ರಾಗ ಏರ್ಟೆಲ್ ಇಂಟರ್ನೆಟ್ ಕಾಲಿಗೆ ಬ್ಯಾರೆ ಪ್ಯಾಕ್ ಹಾಕ್ಬೇಕು ಅಂತ ಹೊರಡಿಸಿ, ಗದ್ಲ ಎದ್ದ ಮ್ಯಾಲ ಕೆಲವ ದಿನದಾಗ ಹಿಂದಕ್ಕ ತಗೊಂತು. ಮರುವರ್ಷ ಟ್ರಾಯ್ ಅಭಿಪ್ರಾಯ ಕೇಳಿದಾಗ ಮಂದಿ ಹತ್ತು ಲಕ್ಷದಷ್ಟು ಇಮೇಲ್ ಬರೆದ್ರು. 8 ಫೆಬ್ರವರಿ 2016ಕ್ಕ, ಯಾವ ವೆಬ್‌ಸೈಟು ಯಾವ ಆಪು ಅಂತ ನೋಡಿ ಡೇಟಾಕ್ಕ ಬ್ಯಾರೆ ಬ್ಯಾರೆ ರೇಟ್ ಹಾಕಬಾರ್ದು ಅಂತ ಟ್ರಾಯ್ ನಿಯಮ ಮಾಡ್ತು, 2018ರ ಜುಲೈಯಾಗ ಕೇಂದ್ರ ಟೆಲಿಕಾಂ ಇಲಾಖೆ ನೆಟ್ ನ್ಯೂಟ್ರಾಲಿಟಿ, ಅಂದ್ರ ನೆಟ್ಟಿನಾಗ ಎಲ್ಲಾ ಆಪೂ ಒಂದ ಅನ್ನೋದನ್ನ, ಒಪ್ಪಿಕೊಂಡು, ಬ್ಲಾಕ್ ಮಾಡಬಾರ್ದು ನಿಧಾನ ಮಾಡಬಾರ್ದು ಅನ್ನೋದನ್ನ ಕಂಪನಿಗಳ ಲೈಸೆನ್ಸ್ ಷರತ್ತಿಗೆ ಸೇರಿಸ್ತು. ಅಂದ್ರ ಇಲ್ಲಿ ಸಿಮ್ ಕಂಪನಿ ತನ್ನ ಮನಸಿಗೆ ಬಂದಂಗ ವಾಟ್ಸಾಪ್ ಕಾಲು ಮುಚ್ಚೂಕ ಬರಂಗಿಲ್ಲ. ಸರ್ಕಾರದ, ಕೋರ್ಟಿನ ಆದೇಶ ಇದ್ರ ಬ್ಯಾರೆ, ಗಲಾಟಿ ಆದಾಗ, ಪರೀಕ್ಷೆ ಇದ್ದಾಗ ನೆಟ್ ಬಂದ್ ಮಾಡ್ತಾರಲ್ಲ, ಆವಾಗ ಕಂಪನಿಗೆ ಬೈದು ಉಪಯೋಗಿಲ್ಲ. ಕಂಪನಿಗಳು ಸುಮ್ನಾಗ್ಯಾವ ಅಂತಲ್ಲ ಮತ್ತ, ಈ ಆಪುಗಳು ನಮ್ಮ ನೆಟ್ ಮ್ಯಾಲ ಓಡಿ ನಮಗ ಪಾಲು ಕೊಡಂಗಿಲ್ಲ ಅಂತ ಈಗ್ಲೂ ಅಂತಾನ ಅದಾವ, 2023ರಾಗ ಟ್ರಾಯ್ ಇದರ ಮ್ಯಾಲ ಮತ್ತೊಂದು ಚರ್ಚೆ ಶುರು ಮಾಡಿತ್ತು.

ಇಲ್ಲೇ ಬ್ಲಾಕ್ ಅಂತ ಖಾತ್ರಿ ಆದ್ರ

ಅಪರೂಪ, ಆದ್ರ ಆಗ್ಬಹುದು, ಸಣ್ಣ ಬ್ರಾಡ್‌ಬ್ಯಾಂಡಿನವ್ರ ಕಡೆ ಹೆಚ್ಚು. ಬಾಯಿ ಮಾತಿನಾಗ ಹೇಳಿದ್ರ "ಸಿಗ್ನಲ್ ಪ್ರಾಬ್ಲಮ್ ಸರ್, ಫೋನ್ ರೀಸ್ಟಾರ್ಟ್ ಮಾಡ್ರಿ" ಅಂತಾರ, ಅದಕ್ಕ ಸಾಕ್ಷಿ ಬೇಕು. ವೆಹೆ ಅಂತ ಒಂದು ಆಪ್ ಐತಿ, ಅಮೆರಿಕದ ನಾರ್ತ್‌ಈಸ್ಟರ್ನ್ ಯೂನಿವರ್ಸಿಟಿಯವ್ರು ಶುರು ಮಾಡಿದ್ದು. ಅದು ಒಂದ ಟ್ರಾಫಿಕ್ಕನ್ನ ಎರಡು ಸಲ ಓಡಿಸ್ತೈತಿ, ಒಮ್ಮೆ ಅಸಲಿ ವೇಷದಾಗ, ಒಮ್ಮೆ ಗುರುತು ಸಿಗದಂಗ ಕಲಸಿ, ಎರಡರ ಸ್ಪೀಡಿನಾಗ ದೊಡ್ಡ ಫರಕ್ ಬಂದ್ರ ನಡುವ ಯಾರೋ ಗುರುತು ಹಿಡದು ತಡೀತಾರ ಅಂತ. ಸಂತಿಯಾಗ ಒಂದ ಅಕ್ಕಿ ಎರಡು ಚೀಲದಾಗ ಹಾಕಿ ರೇಟ್ ಕೇಳಿದಂಗ. ಊನಿ ಪ್ರೋಬ್ ಅಂತ ಇನ್ನೊಂದೈತಿ, ವಾಟ್ಸಾಪ್, ಟೆಲಿಗ್ರಾಮ್, ಸಿಗ್ನಲ್ ಇವುಗಳ ಸರ್ವರ್ ಮುಟ್ತಾವೋ ಇಲ್ಲೋ ಅಂತ ನೋಡ್ತೈತಿ, ಕಾಲನ್ನ ಪರೀಕ್ಷೆ ಮಾಡಂಗಿಲ್ಲ. ಇವೆರಡೂ ಇಲ್ಲಿ ನೀವ್ ಓಡಿಸ್ರಿ, ಗಲ್ಫ್‌ನಾಗಿರೋ ಹುಡುಗನ ಕಡೆ ಓಡಿಸಬ್ಯಾಡ್ರಿ. ಮೂರು ದಿನ, ಬ್ಯಾರೆ ಬ್ಯಾರೆ ಹೊತ್ತಿಗೆ, ಸ್ಕ್ರೀನ್‌ಶಾಟಿನಾಗ ಟೈಮು ಕಾಣಂಗ ಇಟ್ಕೊಳ್ರಿ.

ಆಮ್ಯಾಲ ಸಿಮ್ ಕಂಪನಿಯ ದೂರಿನ ನಂಬರ್ 198ಕ್ಕ ಫೋನ್ ಮಾಡ್ರಿ, ಪುಕ್ಸಟ್ಟೆ, ಕನ್ನಡದಾಗ ಮಾತಾಡ್ರಿ, ಹಿಂಗ ಹೇಳ್ರಿ: "ಇಂಥ ತಾರೀಖು ಸಂಜಿ ಏಳಕ್ಕ, ಗಂಗಾವತಿ ಇಂಥ ಓಣಿಯಾಗ, 4ಜಿ ಫುಲ್ ಸಿಗ್ನಲ್ ಇದ್ದಾಗ, ಡೇಟಾ ಬಾಕಿ ಇದ್ದಾಗ, ವಾಟ್ಸಾಪ್ ಕಾಲ್ ಊರೊಳಗಿನ ನಂಬರಿಗೂ ಹತ್ತಿಲ್ಲ. ಅದ ಫೋನು ಬ್ಯಾರೆ ನೆಟ್‌ವರ್ಕಿನ ಹಾಟ್‌ಸ್ಪಾಟಿನಾಗ ಹತ್ತೈತಿ. ಇಂಟರ್ನೆಟ್ ಕಾಲು ನಿಮ್ಮ ನೆಟ್‌ವರ್ಕಿನಾಗ ತಡಿಯಲಾಗೈತೇನು, ಬರದು ತಿಳಿಸ್ರಿ." ಇಷ್ಟು ಹೇಳಿ ಡಾಕೆಟ್ ನಂಬರ್, ಅಂದ್ರ ನಿಮ್ಮ ದೂರಿನ ನಂಬರ್, ಇಸ್ಕೊಳ್ರಿ. ಆ ನಂಬರ್ ಕೊಡಲಾರ್ದ ಫೋನ್ ಇಡೂಕ ಬಿಡಬ್ಯಾಡ್ರಿ, ಅದಿಲ್ಲಂದ್ರ ದೂರು ಕೊಟ್ಟಂಗ ಅಲ್ಲ. ಅವ್ರ ಉತ್ರ ಒಪ್ಪಿಗೆ ಆಗ್ಲಿಲ್ಲಂದ್ರ 30 ದಿನದೊಳಗ ಅದ ಕಂಪನಿಯ ಅಪೀಲು ಪ್ರಾಧಿಕಾರಕ್ಕ ಹೋಗಬಹುದು, ಫೀ ಇಲ್ಲ, 39 ದಿನದಾಗ ತೀರ್ಮಾನ ಕೊಡ್ಬೇಕು. ಟ್ರಾಯ್‌ಗೆ ನೇರ ಬರೆದ್ರ ಒಬ್ಬೊಬ್ಬರ ದೂರು ಅವ್ರು ಬಗೆಹರಿಸಂಗಿಲ್ಲ, ಕಂಪನಿಗ ಕಳಿಸ್ತಾರ. ಅಲ್ಲೂ ಆಗ್ಲಿಲ್ಲಂದ್ರ ಜಿಲ್ಲಾ ಗ್ರಾಹಕರ ಆಯೋಗ, ಟೆಲಿಕಾಂ ದೂರು ಅಲ್ಲಿ ತಗೊಳ್ಬಹುದು ಅಂತ ಸುಪ್ರೀಂ ಕೋರ್ಟ್ ಫೆಬ್ರವರಿ 2022ರಾಗ ಹೇಳೈತಿ. ಅಷ್ಟು ಮಟ ಹೋಗೋ ತ್ರಾಣ ಇಲ್ಲಂದ್ರ ಸುಮ್ನ ಸಿಮ್ ಪೋರ್ಟ್ ಮಾಡಿಸ್ರಿ, ಅದಕ್ಕ ನಾನ ಅದೀನಿ.

ಆ ಕಾರಟಗಿ ಅಮ್ಮಗ ಕಡಿಗೆ ಹೊಸ ಫೋನಿನಾಗನ ಬೋಟಿಮ್ ಹಾಕಿ ಕೊಟ್ಟೆ, ಅಂಗಡಿಯಾಗ ಸ್ಟೂಲ್ ಮ್ಯಾಲ ಕುಂತು ಹತ್ತು ನಿಮಿಷ ಮಾತಾಡಿದ್ರು, ಎಲ್ಲಾರಿಗೂ ಕೇಳೋವಷ್ಟು ಜೋರಾಗಿ. ಹೊರಡೋ ಮುಂದ ಒಂದು ಮಾತು ಹೇಳಿ ಕಳಿಸಿದೆ, ನಿಮಗೂ ಇರ್ಲಿ: ಅಲ್ಲಿ ಹೊತ್ತು ನಮಗಿಂತ ಒಂದೂವರೆ ತಾಸು ಹಿಂದ, ಇಲ್ಲಿ ಬೆಳಿಗ್ಗೆ ಆರಕ್ಕ ಎದ್ದು ಫೋನ್ ಹೊಡದ್ರ ಅಲ್ಲಿ ನಾಲ್ಕೂವರೆ, ಅವ ಎತ್ತಲಿಲ್ಲಂದ್ರ ಬ್ಲಾಕ್ ಅಂತ ಮತ್ತ ನನ್ನ ಕಡೆ ಬರಬ್ಯಾಡ್ರಿ ಯವ್ವಾ, ಮಲಗಿರ್ತಾನ.